ಹಳೇ ಡೆಸ್ಕ್‌ಟಾಪ್‌ಗೆ ಐದು ಸಾವಿರ ಹಾಕುವುದಾದರೆ ಮೊದಲು ಯಾವುದಕ್ಕೆ?

ನೀವು ಕೇಳಿದ್ದು ಇಷ್ಟು. ಹಾಸನದಲ್ಲಿ ಬಿಸಿಎ ಓದುತ್ತಿದ್ದೀರಿ. ಅಣ್ಣ ಕೆಲಸಕ್ಕೆ ಹೋಗುವಾಗ ಬಿಟ್ಟುಹೋದ ಡೆಸ್ಕ್‌ಟಾಪ್ ರೂಮಿನಲ್ಲಿದೆ. ಐ3-4130 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಕಾಫಿ ಕುಡಿದು ಬಂದರೂ ಇನ್ನೂ ಸುತ್ತುತ್ತಲೇ ಇರುತ್ತದೆ. ಕೈಯಲ್ಲಿ ಐದು ಸಾವಿರ ಇದೆ. ಅಂಗಡಿಯವರು ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಅಂದರು, ಗೆಳೆಯ ಐ5 ಪ್ರೊಸೆಸರ್ ಹಾಕಿಸು ಅಂದ. ಯಾರ ಮಾತು ಕೇಳಬೇಕು?

ಇಬ್ಬರದ್ದೂ ಬೇಡ. ಮೊದಲು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಕೆಲಸವನ್ನೇ ಬಹಳ ವೇಗವಾಗಿ ಮಾಡುವ ಡ್ರೈವ್), ಆಮೇಲೆ ಇನ್ನೊಂದು 4 ಜಿಬಿ ರ‍್ಯಾಮ್, ಮಿಕ್ಕಿದ್ದು ಯುಪಿಎಸ್‌ಗೆ, ಅಂದರೆ ಕರೆಂಟ್ ಹೋದಾಗ ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ ಪೆಟ್ಟಿಗೆಗೆ.

ಇದನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ, ನಾನೇ ಒಮ್ಮೆ ಉಲ್ಟಾ ಮಾಡಿ ದುಡ್ಡು ಕಳೆದುಕೊಂಡಿದ್ದೇನೆ. ಇದೇ ಊರಲ್ಲಿ ಡಿಪ್ಲೊಮಾ ಓದುವಾಗ ನನ್ನದೂ ಹೆಚ್ಚುಕಡಿಮೆ ಇಂಥದ್ದೇ ಸಿಸ್ಟಮ್. ಸ್ಕಾಲರ್‌ಶಿಪ್ ಬಂದ ವಾರವೇ ಒಂದು ಅಂಗಡಿಯಲ್ಲಿ 2,800 ರೂಪಾಯಿ ಕೊಟ್ಟು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. 'ರಾಕೆಟ್ ಥರ ಓಡುತ್ತೆ ನೋಡಿ' ಅಂದಿದ್ದರು. ಮನೆಗೆ ತಂದು ಆನ್ ಮಾಡಿದರೆ ಮೊದಲಿನಷ್ಟೇ ನಿಧಾನ, ಜೊತೆಗೆ ಫ್ಯಾನಿನ ಸದ್ದು ಬೇರೆ. ಕಾಲೇಜಿನ ಲ್ಯಾಬ್‌ನಲ್ಲಿದ್ದ ಅಣ್ಣ ಒಬ್ಬರ ಹತ್ತಿರ ಗೋಳು ಹೇಳಿಕೊಂಡೆ. ಅವರು ಕೇಳಿದ್ದು ಒಂದೇ ಮಾತು: 'ಟಾಸ್ಕ್ ಮ್ಯಾನೇಜರ್ ನೋಡಿದ್ಯೇನೋ?' ನೋಡಿರಲಿಲ್ಲ.

ನೀವು ಈಗಲೇ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಸಿಸ್ಟಮ್ ಆನ್ ಆದ ಮೊದಲ ಐದು ನಿಮಿಷ ಅದನ್ನು ತೆರೆದಿಟ್ಟುಕೊಂಡು ಕೂತುಕೊಳ್ಳಿ. ಸಿಪಿಯು 20, 30ರ ಹತ್ತಿರ ಆಡುತ್ತಾ ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿದ್ದರೆ ಕಳ್ಳ ಸಿಕ್ಕಿದ ಹಾಗೆ. ನಿಮ್ಮದು ಹಾಗೆಯೇ ಇರುತ್ತದೆ ಎಂದು ಬಾಜಿ ಕಟ್ಟಬಲ್ಲೆ.

ಕಾರಣ ಸರಳ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗುತ್ತಿರುತ್ತದೆ. ಡೆಸ್ಕ್‌ಟಾಪ್ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು. ಒಂದು ಸುತ್ತಿಗೇ 8 ಮಿಲಿಸೆಕೆಂಡ್ ಬೇಕು. ಅದರ ಮೇಲೆ ಓದುವ ಮುಳ್ಳು ಸರಿಯಾದ ಜಾಗಕ್ಕೆ ಸರಿಯಬೇಕು. ಒಂದೇ ದೊಡ್ಡ ಸಿನಿಮಾ ಫೈಲ್ ಆದರೆ ತೊಂದರೆಯಿಲ್ಲ, ಸಾಲಾಗಿ ಓದಿಕೊಂಡು ಹೋಗುತ್ತದೆ. ವಿಂಡೋಸ್ ಶುರುವಾಗುವಾಗ ಬೇಕಾಗುವುದು ಅಲ್ಲೊಂದು ಇಲ್ಲೊಂದು ಚದುರಿದ ಸಾವಿರಾರು ಸಣ್ಣ ಫೈಲ್‌ಗಳು. ಪ್ರತಿ ಸಾಮಾನಿಗೂ ಏಣಿ ಹಾಕಿ ಅಟ್ಟ ಹತ್ತಿ ಇಳಿದ ಹಾಗೆ. ಸೆಕೆಂಡಿಗೆ ನೂರು ಸಲ ಹತ್ತಿ ಇಳಿಯುವಷ್ಟರಲ್ಲಿ ಅದಕ್ಕೆ ಏದುಸಿರು. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಚಿಪ್ ಅಷ್ಟೇ. ಅದೇ ಕೆಲಸವನ್ನು ಸೆಕೆಂಡಿಗೆ ಸಾವಿರಗಟ್ಟಲೆ ಸಲ ಮಾಡುತ್ತದೆ. ಕೊನೆಗೆ ಎಸ್‌ಎಸ್‌ಡಿ ಹಾಕಿದ ಮೇಲೆ ನನ್ನ ಸಿಸ್ಟಮ್ ಆನ್ ಆಗುವ ಹೊತ್ತು ನಾಲ್ಕು ನಿಮಿಷದಿಂದ ಇಪ್ಪತ್ತೈದು ಸೆಕೆಂಡಿಗೆ ಬಂತು. ಪ್ರೊಸೆಸರ್ ಅದೇ, ರ‍್ಯಾಮ್ ಅದೇ.

ಕೊಳ್ಳುವಾಗ '2.5 ಇಂಚಿನ ಸಾಟಾ ಎಸ್‌ಎಸ್‌ಡಿ' ಅಂತಲೇ ಕೇಳಿ. ಚೂಯಿಂಗ್ ಗಮ್ ಪಟ್ಟಿಯಂತಿರುವ ಎನ್‌ವಿಎಂಇ ಬೇಡ, ನಿಮ್ಮ ಬೋರ್ಡಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. 240 ಅಥವಾ 256 ಜಿಬಿ ಸಾಕು. ಓಎಸ್ (ವಿಂಡೋಸ್‌ನಂಥ ಮೂಲ ವ್ಯವಸ್ಥೆ) ಮತ್ತು ಸಾಫ್ಟ್‌ವೇರ್ ಅದರಲ್ಲಿ, ಸಿನಿಮಾ, ಫೋಟೋ ಎಲ್ಲ ಹಳೇ ಡಿಸ್ಕಿನಲ್ಲಿ. ಹೆಸರು ಕೇಳಿದ ಕಂಪನಿಯದ್ದು, ಬಿಲ್ ಮತ್ತು ವಾರಂಟಿ ಇರುವುದನ್ನೇ ತೆಗೆದುಕೊಳ್ಳಿ. ಆನ್‌ಲೈನ್‌ನಲ್ಲಿ 2 ಟಿಬಿ ಎಸ್‌ಎಸ್‌ಡಿ ಸಾವಿರ ರೂಪಾಯಿಗೆ ಅಂತ ಕಂಡರೆ ನಕ್ಕು ಮುಂದೆ ಹೋಗಿ. ಅದರೊಳಗೆ ಇರುವುದು ಮೆಮೊರಿ ಕಾರ್ಡ್, 2 ಟಿಬಿ ಅಂತ ಸುಳ್ಳು ಹೇಳುತ್ತದೆ ಅಷ್ಟೇ.

ಹಾಕುವುದನ್ನು ನೀವೇ ಮಾಡಿ. ಒಂದು ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಎಚ್81 ಬೋರ್ಡಿನಲ್ಲಿ ಸಾಮಾನ್ಯವಾಗಿ ನಾಲ್ಕು ಸಾಟಾ ಪೋರ್ಟ್ (ಡಿಸ್ಕಿನ ಕೇಬಲ್ ಚುಚ್ಚುವ ಜಾಗ) ಇರುತ್ತವೆ, ಎರಡು ವೇಗದವು, ಎರಡು ನಿಧಾನದವು. ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. 6ಜಿ ಅಥವಾ ಸಾಟಾ3 ಅಂತ ಇರುವುದಕ್ಕೆ ಎಸ್‌ಎಸ್‌ಡಿ ಚುಚ್ಚಿ. ಕೇಬಲ್ ಇಲ್ಲವಾದರೆ ಡಿವಿಡಿ ಡ್ರೈವಿನದು ಕಿತ್ತುಕೊಳ್ಳಿ. ಡಿವಿಡಿ ಹಾಕಿ ಎಷ್ಟು ವರ್ಷ ಆಯಿತು ಹೇಳಿ? ಎಸ್‌ಎಸ್‌ಡಿ ಕೂರಿಸಲು ಕ್ಯಾಬಿನೆಟ್‌ನಲ್ಲಿ ಜಾಗ ಇಲ್ಲದಿದ್ದರೆ ಡಬಲ್ ಟೇಪ್ ಹಾಕಿ ಅಂಟಿಸಿ. ಅಲುಗಾಡುವ ಭಾಗವೇ ಇಲ್ಲದ್ದರಿಂದ ಏನೂ ಆಗುವುದಿಲ್ಲ.

ಇಲ್ಲಿ ಒಂದು ಎಚ್ಚರ. ಹೊಸದಾಗಿ ಓಎಸ್ ಹಾಕುವಾಗ ಹಳೇ ಹಾರ್ಡ್ ಡಿಸ್ಕಿನ ಕೇಬಲ್ ಬಿಚ್ಚಿಡಿ. ಬಿಚ್ಚದಿದ್ದರೆ ಬೂಟ್ ಆಗಲು, ಅಂದರೆ ಓಎಸ್ ಶುರುವಾಗಲು ಬೇಕಾದ ಭಾಗವನ್ನು ಇನ್‌ಸ್ಟಾಲರ್ ಹಳೇ ಡಿಸ್ಕಿನಲ್ಲೇ ಬರೆದುಬಿಡಬಹುದು. ಮುಂದೆ ಆ ಡಿಸ್ಕ್ ಕೆಟ್ಟ ದಿನ ಎಸ್‌ಎಸ್‌ಡಿಯೂ ಏಳುವುದಿಲ್ಲ. ಬಿಚ್ಚಿಟ್ಟರೆ ನಿದ್ದೆಗಣ್ಣಲ್ಲಿ ತಪ್ಪು ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಅಪಾಯವೂ ತಪ್ಪುತ್ತದೆ. ಅಣ್ಣ ಹಾಕಿಸಿದ್ದು ಅಸಲಿ ವಿಂಡೋಸ್ ಆಗಿದ್ದರೆ ಕೀ ಹುಡುಕಬೇಕಿಲ್ಲ. ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ, ನೆಟ್ ಸಿಕ್ಕಿದ ತಕ್ಷಣ ತಾನೇ ಆಕ್ಟಿವೇಟ್ ಆಗುತ್ತದೆ.

ರ‍್ಯಾಮ್ ವಿಷಯ. ನಿಮ್ಮ ಬೋರ್ಡಿಗೆ ಡಿಡಿಆರ್3 ಎಂಬ ಬಗೆಯದ್ದು ಮಾತ್ರ ಕೂರುತ್ತದೆ, ಅದರ ಮುಂದಿನ ಡಿಡಿಆರ್4 ಸ್ಲಾಟಿಗೆ ಹೋಗುವುದೇ ಇಲ್ಲ. ಎರಡು ಸ್ಲಾಟ್ ಇರುತ್ತವೆ, ಒಂದು ಖಾಲಿ ಇದೆಯಾ ಎಂದು ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟವೇ ಹೇಳುತ್ತದೆ. ಇನ್ನೊಂದು 4 ಜಿಬಿ ಸೇರಿಸಿ 8 ಮಾಡಿ. ಎರಡೂ ಪಟ್ಟಿ ಒಟ್ಟಿಗೆ ಕೆಲಸ ಮಾಡುವುದರಿಂದ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೂ ಸ್ವಲ್ಪ ಉಸಿರು ಬರುತ್ತದೆ. ಇದನ್ನು ಹೊಸದೇ ಕೊಳ್ಳಬೇಕಿಲ್ಲ, ಕಳಚಿದ ಆಫೀಸ್ ಸಿಸ್ಟಮ್‌ಗಳ ರ‍್ಯಾಮ್ ಅಂಗಡಿಗಳಲ್ಲಿ ಸಿಗುತ್ತದೆ. ಮಾಮೂಲಿ ರ‍್ಯಾಮ್ ಹತ್ತಾರು ವರ್ಷ ಬಾಳುವ ವಸ್ತು. 'ಒಂದು ವಾರ ಹಾಕಿ ನೋಡ್ತೀನಿ, ಆಗದಿದ್ದರೆ ವಾಪಸ್' ಎಂದು ಮೊದಲೇ ಮಾತಾಡಿಕೊಳ್ಳಿ. ಪೆನ್ ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಹಾಕಿ ಒಂದು ರಾತ್ರಿ ಬಿಟ್ಟರೆ ಗುಣ ಗೊತ್ತಾಗುತ್ತದೆ. ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುವ 8 ಜಿಬಿ ಡಿಡಿಆರ್3 ಪಟ್ಟಿಗಳಲ್ಲಿ ಕೆಲವು ಎಎಂಡಿ ಬೋರ್ಡುಗಳಿಗೆ ಮಾತ್ರ ಹೊಂದುತ್ತವೆ. ಅದನ್ನು ಮೂಲೆಯಲ್ಲಿ ಬರೆದಿರುತ್ತಾರೆ, ನಾವು ನೋಡಿರುವುದಿಲ್ಲ. ನಿಮ್ಮದು ಇಂಟೆಲ್.

ಐ5 ಯಾಕೆ ಬೇಡ ಅಂದರೆ, ಐ5-4570ರಲ್ಲಿ ನಾಲ್ಕು ಕೋರ್, ನಿಮ್ಮದರಲ್ಲಿ ಎರಡು. ವ್ಯತ್ಯಾಸ ಇದೆ, ಸುಳ್ಳಲ್ಲ. ಆದರೆ ಸಿ, ಜಾವಾ, ಪೈಥಾನ್, ಮೈಎಸ್‌ಕ್ಯುಎಲ್ ಕಲಿಯುವವರಿಗೆ ಅದು ಕಾಣುವುದೇ ಇಲ್ಲ. ಮೇಲಾಗಿ ಇಂಟೆಲ್‌ನಲ್ಲಿ ಪಿನ್‌ಗಳು ಇರುವುದು ಬೋರ್ಡಿನಲ್ಲಿ, ಪ್ರೊಸೆಸರ್‌ನಲ್ಲಲ್ಲ. ಬದಲಾಯಿಸುವಾಗ ಕೈ ಜಾರಿ ಒಂದು ಪಿನ್ ಬಾಗಿದರೆ ಬೋರ್ಡೇ ಹೋಯಿತು. 4590ರಂಥ ಆಮೇಲಿನ ಮಾದರಿಗಳಿಗೆ ಕೆಲವು ಬೋರ್ಡುಗಳಲ್ಲಿ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಕೂಡ ಬೇಕು. 2013ರ ಪ್ರೊಸೆಸರ್ ಕುಟುಂಬಕ್ಕೆ ಇಷ್ಟೆಲ್ಲ ರಿಸ್ಕ್ ಬೇಡ. ಗ್ರಾಫಿಕ್ಸ್ ಕಾರ್ಡ್ ಬಗ್ಗೆ ನನ್ನ ಕಥೆ ಹೇಳಿಯಾಯಿತಲ್ಲ. ಈ ಬಜೆಟ್ಟಿಗೆ ಬರುವ ಜಿಟಿ 710 ಥರದವು ನಿಮ್ಮ ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್‌ಗಿಂತ ಹೆಚ್ಚೇನೂ ಕಿಸಿಯುವುದಿಲ್ಲ.

ಈಗ ಯುಪಿಎಸ್. ಬೆಂಗಳೂರಿನವರು ಇಂಥ ಪ್ರಶ್ನೆಗೆ ಉತ್ತರ ಬರೆದರೆ ಇದನ್ನು ಬಿಟ್ಟೇ ಬಿಡುತ್ತಾರೆ. ನಮ್ಮ ಕಡೆ ಬಿಡುವ ಹಾಗಿಲ್ಲ. ನಿಮ್ಮ ರೂಮು ಹಾಸನದ ಒಳಗಿದ್ದರೆ ಪರವಾಗಿಲ್ಲ, ರಜೆಗೆ ಊರಿಗೆ ಒಯ್ಯುತ್ತೀರಿ ಎಂದು ಬರೆದಿದ್ದೀರಲ್ಲ, ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಜೂನ್ ಬಂತೆಂದರೆ ತಂತಿಯ ಮೇಲೆ ಮರ ಬೀಳದ ದಿನವಿಲ್ಲ. ಕರೆಂಟ್ ಹೋಗುವುದು ಒಂದು ಕಷ್ಟವಾದರೆ ಬರುವಾಗ ಹೊಡೆಯುವ ಝಟ್ಕಾ ಇನ್ನೊಂದು. ಕ್ಯಾಬಿನೆಟ್ ಒಳಗೆ ಕರೆಂಟ್ ಹಂಚುವ ಹಳೇ ಎಸ್‌ಎಂಪಿಎಸ್‌ಗೆ ಅದೇ ಯಮ. ಬರೆಯುತ್ತಿರುವಾಗ ಫಟ್ಟನೆ ಕರೆಂಟ್ ಹೋದರೆ ಅಗ್ಗದ ಎಸ್‌ಎಸ್‌ಡಿಯಲ್ಲೂ ಫೈಲ್ ಹಾಳಾಗಬಹುದು. 600 ವಿಎ ಯುಪಿಎಸ್ ನಿಮ್ಮ ಸಿಸ್ಟಮ್‌ಗೆ ಧಾರಾಳ. ಹತ್ತು ಹದಿನೈದು ನಿಮಿಷ ಕೊಟ್ಟರೆ ಸೇವ್ ಮಾಡಿ ಮುಚ್ಚಬಹುದು, ಅಷ್ಟಕ್ಕೇ ಅದು ಇರುವುದು.

ಹೊಸದಕ್ಕೆ ದುಡ್ಡು ಸಾಲದಿದ್ದರೆ ನೆಂಟರ ಮನೆಗಳಲ್ಲಿ ವಿಚಾರಿಸಿ. 'ಕೆಟ್ಟುಹೋಗಿದೆ' ಎಂದು ಅಟ್ಟಕ್ಕೆ ಹಾಕಿದ ಯುಪಿಎಸ್ ಒಂದಾದರೂ ಸಿಗುತ್ತದೆ. ಹತ್ತರಲ್ಲಿ ಎಂಟು ಸಲ ಹೋಗಿರುವುದು ಬ್ಯಾಟರಿ ಮಾತ್ರ. ಒಳಗಿರುವುದು 12 ವೋಲ್ಟ್ 7 ಎಎಚ್‌ನ ಮಾಮೂಲಿ ಬ್ಯಾಟರಿ, ಯುಪಿಎಸ್ ರಿಪೇರಿ ಮಾಡುವವರ ಹತ್ತಿರ ಸಿಗುತ್ತದೆ. ನನ್ನದು ಚಿಕ್ಕಪ್ಪನ ಮನೆಯಿಂದ ಬಂದದ್ದು, ಬ್ಯಾಟರಿ ಬದಲಾಯಿಸಿದ ಮೇಲೆ ಮೂರು ಮಳೆಗಾಲ ಕಂಡಿತು.

ಸಿಡಿಲಿಗೆ ಮಾತ್ರ ಯುಪಿಎಸ್ ಮದ್ದಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತಿಡಿ. ಜೊತೆಗೆ ಬ್ರಾಡ್‌ಬ್ಯಾಂಡ್ ರೌಟರ್‌ನಿಂದ ಬರುವ ಲ್ಯಾನ್ ವೈರನ್ನೂ ಕಿತ್ತಿಡಿ. ನಾನು ಪ್ಲಗ್ ಮಾತ್ರ ಕಿತ್ತು ಜಾಣ ಅಂದುಕೊಂಡಿದ್ದೆ. ಲ್ಯಾನ್ ವೈರಿನಿಂದ ಬಂದು ಬೋರ್ಡಿನ ಲ್ಯಾನ್ ಪೋರ್ಟ್ ಸುಟ್ಟಿತು. ಇನ್ನೊಂದು, ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆಯೇ? ಹಾಗಾದರೆ ರೂಮಿನಲ್ಲಿ ಅರ್ಥಿಂಗ್ ಸರಿಯಿಲ್ಲ. ಓನರ್‌ಗೆ ಹೇಳಿ ಸರಿಮಾಡಿಸಿ, ಇದನ್ನು ಮುಂದಕ್ಕೆ ಹಾಕಬೇಡಿ.

ಕ್ಯಾಬಿನೆಟ್ ತೆರೆದ ದಿನವೇ ಒಳಗೆ ಒಮ್ಮೆ ಕ್ಲೀನ್ ಮಾಡಿ. ಧೂಳು, ಜೇಡರ ಬಲೆ, ಅದೃಷ್ಟ ಇದ್ದರೆ ಒಣಗಿದ ಹಲ್ಲಿ. ಪೇಂಟಿಂಗ್ ಬ್ರಷ್ ಸಾಕು, ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೊಂಡು ಒರೆಸಿ. ಪ್ರೊಸೆಸರ್ ಮೇಲಿನ ಪೇಸ್ಟ್ ಹತ್ತು ವರ್ಷಕ್ಕೆ ಸುಣ್ಣದ ಹಾಗೆ ಒಣಗಿರುತ್ತದೆ. ಒರೆಸಿ ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಮಳೆಗಾಲದ ಥಂಡಿಗೆ ರ‍್ಯಾಮಿನ ಚಿನ್ನದ ಬಣ್ಣದ ಪಟ್ಟಿ ಮಂಕಾಗಿ ಡಿಸ್‌ಪ್ಲೇ ಬರದಿರುವುದುಂಟು. ಬಿಚ್ಚಿ ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಕೂರಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿ. ಗಡಿಯಾರ ಪ್ರತಿ ಸಲ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತಿದ್ದರೆ ಬೋರ್ಡಿನ ಬಟನ್ ಸೆಲ್ ಮುಗಿದಿದೆ. ಸಿಆರ್2032 ಅಂತ ಕೇಳಿ, ಪುಡಿಗಾಸಿನ ಬಾಬತ್ತು. ತಾರೀಖು ತಪ್ಪಿದ್ದರೆ ಬ್ರೌಸರ್ ಕೂಡ 'ಸುರಕ್ಷಿತವಲ್ಲ' ಎಂದು ಸೈಟ್‌ಗಳನ್ನು ತೆರೆಯಲು ಬಿಡುವುದಿಲ್ಲ. ಜನ ಅದಕ್ಕೆ ವೈರಸ್ ಅಂದುಕೊಂಡು ಫಾರ್ಮ್ಯಾಟ್ ಹೊಡೆಸುತ್ತಾರೆ.

ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕಾ ಎಂದು ಕೇಳಿದ್ದಿರಿ. ಇಷ್ಟು ಸಾಮಾನಿಗೆ ಬೇಡ. ಹೋಗಿ ಬರುವ ಖರ್ಚು, ಒಂದು ದಿನದ ಊಟ ಲೆಕ್ಕ ಹಾಕಿದರೆ ಉಳಿಸಿದ್ದು ಅಲ್ಲಿಗಲ್ಲಿಗೆ. ಕೆಟ್ಟರೆ ಮತ್ತೆ ಅಷ್ಟು ದೂರ. ಹಾಸನದಲ್ಲೇ ಮೂರು ಅಂಗಡಿ ಸುತ್ತಿ, ಆನ್‌ಲೈನ್ ಬೆಲೆ ಮೊಬೈಲ್‌ನಲ್ಲಿ ಇಟ್ಟುಕೊಂಡು ಚೌಕಾಸಿ ಮಾಡಿ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳು ಎಐ ಡೇಟಾ ಸೆಂಟರ್‌ಗಳ ಪಾಲಾಗಿ ರ‍್ಯಾಮ್, ಎಸ್‌ಎಸ್‌ಡಿ ಎರಡರ ಬೆಲೆಯೂ ಏರಿದೆ. ಹಾಗಾಗಿ ಎರಡು ವರ್ಷದ ಹಿಂದಿನ ವಿಡಿಯೋದಲ್ಲಿ ಹೇಳಿದ ರೇಟು ಹಿಡಿದು ಜಗಳಕ್ಕೆ ಹೋಗಬೇಡಿ.

ಕೊನೆಗೆ ಓಎಸ್. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೆಸರು ನೋಂದಾಯಿಸಿಕೊಂಡವರಿಗೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಅಂತ ಇಟ್ಟರು. ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ, ನಾನು ಹಾಕಿಸಿಕೊಳ್ಳುವುದಿಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಓಎಸ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ ನೋಡಿ. ಪುಕ್ಕಟೆ, ಹಗುರ, 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಇದೆ. ನಿಮ್ಮ ಸಿಲಬಸ್ಸಿನ ಸಿ, ಪೈಥಾನ್, ಜಾವಾ ಎಲ್ಲ ಅದರಲ್ಲಿ ಸಲೀಸು. ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸವಿದ್ದರೆ ಅದೇ ಕೆಜಿಪಿ ಕೀಲಿಮಣೆ ಲಿನಕ್ಸ್‌ನಲ್ಲಿ ಭಾಷೆ ಟೈಪ್ ಮಾಡಿಸುವ ಐಬಸ್‌ನಲ್ಲಿ ಸಿಗುತ್ತದೆ. ಟ್ಯಾಲಿ ಬೇಕೇ ಬೇಕು ಅನ್ನುವ ಪೇಪರ್ ಇದ್ದರೆ ಅದನ್ನು ಕಾಲೇಜಿನ ಲ್ಯಾಬ್‌ನಲ್ಲಿ ಮಾಡಿ. ಹಾಕುವ ಮೊದಲೇ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ ಒಂದು ದಿನ ಆಡಿ ನೋಡಬಹುದು, ಏನೂ ಅಳಿಯುವುದಿಲ್ಲ.

ಹಳೇ ಹಾರ್ಡ್ ಡಿಸ್ಕಿನ ಆರೋಗ್ಯವನ್ನು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ವಿಂಡೋಸ್ ಸಾಫ್ಟ್‌ವೇರ್‌ನಲ್ಲಿ ನೋಡಿ. ನೀಲಿ ಬಂದರೆ ಹಾಗೇ ಇಟ್ಟುಕೊಳ್ಳಿ. ಹಳದಿ ಬಂದರೆ ಅದರಲ್ಲಿರುವುದನ್ನು ಅವತ್ತೇ ಬೇರೆ ಕಡೆ ಕಾಪಿ ಮಾಡಿ. ಅಣ್ಣನ ಹಳೇ ಫೋಟೋಗಳು ಅದರಲ್ಲೇ ಇರಬಹುದು, ಫಾರ್ಮ್ಯಾಟ್ ಮಾಡುವ ಮೊದಲು ಅವರಿಗೊಂದು ಫೋನ್ ಮಾಡಿ.