ಬೆಳದಿಂಗಳ ಜಲಪಾತಕ್ಕೆ ಬಿಳುಪು ಎಷ್ಟು ಬೇಕು?

ರಮ್ಯ ಪಂಥದ (ರೊಮ್ಯಾಂಟಿಕ್) ಚಿತ್ರಕಾರರ ಮಾದರಿಯಲ್ಲಿ ರಾತ್ರಿಯ ಜಲಪಾತವನ್ನು ಚಿತ್ರಿಸುವಾಗ, ನೀರಿಗೆ ಅಚ್ಚ ಬಿಳಿ ಬಳಿದರೂ ಬೆಳದಿಂಗಳು ಮೂಡುತ್ತಿಲ್ಲವೇಕೆ ಎಂದು ತಾವು ಕೇಳಿದ್ದೀರಿ. ತೊಡಕಿರುವುದು ಆ ಬಿಳಿಯಲ್ಲಿಯೇ ಎಂದು ನನಗೆ ತೋರುತ್ತದೆ. ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಮಂದವಾದುದರಿಂದ ನಮ್ಮ ಕಣ್ಣು ಬಣ್ಣಗಳನ್ನು ಬಹುಮಟ್ಟಿಗೆ ಕಳೆದುಕೊಂಡು, ಕೆಂಪನ್ನು ಕಪ್ಪಾಗಿಯೂ ನೀಲಿಯನ್ನು ತುಸು ತಿಳಿಯಾಗಿಯೂ ಕಾಣುತ್ತದೆ. 19ನೆಯ ಶತಮಾನದ ಆರಂಭದಲ್ಲಿ ಇದನ್ನು ವಿವರಿಸಿದವರು ಬೊಹೆಮಿಯಾದ (ಇಂದಿನ ಚೆಕ್ ಗಣರಾಜ್ಯದ ಭಾಗ) ವಿಜ್ಞಾನಿ ಪುರ್ಕಿನ್ಯೆ.

ನಾರ್ವೆಯ ಜಲಪಾತಗಳನ್ನು ಪ್ರೀತಿಯಿಂದ ಚಿತ್ರಿಸಿದ, ರಮ್ಯ ಪಂಥದ ಕಲಾವಿದ ಯೂಹಾನ್ ಕ್ರಿಸ್ಟಿಯನ್ ಡಾಲ್ ಅವರ, 1839ರ ‘ಬೆಳದಿಂಗಳಲ್ಲಿ ಡ್ರೆಸ್ಡೆನ್’ ಚಿತ್ರವನ್ನು ದಯವಿಟ್ಟು ನಿಧಾನವಾಗಿ ನೋಡಿ. ಅದರಲ್ಲಿ, ಜರ್ಮನಿಯ ಆ ನಗರದಲ್ಲಿ ಹರಿಯುವ ಎಲ್ಬೆ ನದಿಯೆಲ್ಲವೂ ಹೊಳೆಯುವುದಿಲ್ಲ. ಚಂದ್ರನ ಬೆಳಕು ತಾಗಿದೆಡೆ ಮಾತ್ರ ನೀರು ಮಿನುಗುತ್ತದೆ, ಸೇತುವೆಯೂ ಗೋಪುರಗಳೂ ಕಪ್ಪು ಆಕೃತಿಗಳಾಗಿ ನಿಂತು ಆ ಮಿನುಗನ್ನು ಎತ್ತಿಹಿಡಿಯುತ್ತವೆ. ಎಷ್ಟು ಸಂಯಮದ ಕೆಲಸ ಅದು!

ಹಾಗಾಗಿ ತಾವು ಬಂಡೆಗಳನ್ನು ಮೊದಲು ಕಡುನೀಲಿ ಮತ್ತು ಕಂದು ಬೆರೆಸಿದ ಕಪ್ಪಿನಲ್ಲಿ ಮುಗಿಸಿ, ಬೀಳುವ ನೀರಿಗೆ ನೀಲಿ ಬೆರೆತ ಬೂದು ಬಣ್ಣವನ್ನು ತೆಳುವಾಗಿ ಹಚ್ಚಿ, ಅದು ಹಸಿಯಿರುವಾಗಲೇ ತುಂತುರಿನ ಅಂಚುಗಳನ್ನು ಒಣ ಕುಂಚದಿಂದ ಮಸುಕುಗೊಳಿಸಿ. ಅಚ್ಚ ಬಿಳಿಯನ್ನು, ಚಂದ್ರನಿಗೆ ಎದುರಾಗಿ ನೀರು ಬಂಡೆಯ ತುದಿಯಿಂದ ಬಾಗುವ ಜಾಗಕ್ಕೆಂದು ಉಳಿಸಿಕೊಳ್ಳಿ. ಅಲ್ಲಿ ಎರಡು ಮೂರು ದಪ್ಪ ಗೀಟುಗಳು ಸಾಕು.