ನಾಯಿಗಾಗಿ ಅತ್ತರೆ ಜನ ಏನಂದುಕೊಂಡಾರು?

ಪ್ರಶ್ನೆ: ನನಗೆ 54 ವರ್ಷ, ಊರು ದಾವಣಗೆರೆ. ಹದಿಮೂರು ವರ್ಷ ಸಾಕಿದ ನಾಯಿ ಕೆಂಪ ಹೋಗಿ ಎರಡು ತಿಂಗಳಾಯ್ತು. ಕಿಡ್ನಿ ಕೈಕೊಟ್ಟಿತ್ತು. ಒದ್ದಾಟ ನೋಡಲಾಗದೆ, ಡಾಕ್ಟರ್ ಹೇಳಿದಂತೆ ಇಂಜೆಕ್ಷನ್ ಕೊಡಿಸಿದೆವು. ಕಾಗದಕ್ಕೆ ಸಹಿ ಹಾಕಿದ್ದು ನಾನೇ. ಈಗಲೂ ದೋಸೆ ಹುಯ್ಯುವಾಗ ಕೊನೆಯದನ್ನು ತುಪ್ಪ ಹಾಕದೆ ಅವನಿಗೆ ಅಂತ ತೆಗೆದಿಡುತ್ತೇನೆ. ಮನೆಯವರು ‘ನಾಯಿ ತಾನೇ, ಇನ್ನೊಂದು ತಂದರಾಯ್ತು’ ಅಂತಾರೆ. ಅಮೆರಿಕದಲ್ಲಿರುವ ಮಗಳು, ಸಾಕುಪ್ರಾಣಿ ಕಳೆದುಕೊಂಡವರ ಗುಂಪು ಸೇರು ಅಂತಿದ್ದಾಳೆ. ಗುರುತಿಲ್ಲದವರ ಮುಂದೆ ನಾಯಿಗಾಗಿ ಅಳೋದಾ? ನಾಚಿಕೆಯಾಗುತ್ತೆ.

ಉತ್ತರ: ಮೊದಲು ‘ನಾಯಿ ತಾನೇ’ ಅನ್ನುವವರ ವಿಷಯ ಮುಗಿಸೋಣ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ಯೋಧ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಅದು ಕಾಡುಹಂದಿಯ ಜೊತೆ ಕಾದಾಡಿ ಸತ್ತಾಗ ದೇವಸ್ಥಾನದ ಎದುರೇ ಕಲ್ಲು ನಿಲ್ಲಿಸಿ, ಜಮೀನನ್ನೂ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ಅಂತ ಬರೆಸಿದ. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಮನೆಯವರನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆ ಸಹಿಯ ಮಾತು. ಅವಸರ ಮಾಡಿದೆನಾ, ಇನ್ನೊಂದು ವಾರ ಕಾಯಬಹುದಿತ್ತಾ ಅಂತ ರಾತ್ರಿಯೆಲ್ಲ ಕೊರೆಯುತ್ತಿದೆ ಅಲ್ವಾ? ಮನೆಯವರು ‘ಬಿಡು, ಆಗಿದ್ದು ಆಯ್ತು’ ಅಂದರೆ ಅದು ನಿಲ್ಲುವುದಿಲ್ಲ. ಅಂಥದೇ ಕಾಗದಕ್ಕೆ ಸಹಿ ಹಾಕಿ ಬಂದವರು ‘ನಾನೂ ಹಾಕಿದ್ದೆ’ ಅಂದಾಗ ಸ್ವಲ್ಪ ಹಗುರಾಗುತ್ತದೆ. ಇಂಥ ಗುಂಪುಗಳಿಗೆ ಬರುವ ಎಷ್ಟೋ ಜನ ಹೊತ್ತು ತರುವುದು ಇದೇ ಪ್ರಶ್ನೆಯನ್ನು. ಹಾಗಾಗಿ ಮಗಳ ಮಾತು ಕೇಳಿ ಅನ್ನುತ್ತೇನೆ.

ನಾಚಿಕೆಗೂ ದಾರಿಯಿದೆ. ಅಮೆರಿಕದಲ್ಲಿ 1997ರಲ್ಲಿ ಶುರುವಾದ ‘ಅಸೋಸಿಯೇಷನ್ ಫಾರ್ ಪೆಟ್ ಲಾಸ್ ಅಂಡ್ ಬಿರೀವ್‌ಮೆಂಟ್’ ಎಂಬ ಸಂಸ್ಥೆಯ ಚಾಟ್ ರೂಮ್‌ನಲ್ಲಿ ಟೈಪ್ ಮಾಡಿದರೆ ಸಾಕು, ಯಾರೂ ನಿಮ್ಮ ಮುಖ ನೋಡುವುದಿಲ್ಲ. ದುಡ್ಡೂ ಕೇಳುವುದಿಲ್ಲ. ಮೊದಲ ದಿನ ಸುಮ್ನೆ ಓದಿ. ಅಲ್ಲಿನ ಸಂಜೆ ಅಂದರೆ ನಮಗೆ ಬೆಳಗಿನ ಜಾವ, ಸಮಯ ನೋಡಿ ಹೇಳಲು ಮಗಳಿಗೇ ಒಪ್ಪಿಸಿ. ಮಾತೆಲ್ಲ ಇಂಗ್ಲಿಷ್‌ನಲ್ಲಿ ನಡೆಯುತ್ತದೆ ಅನ್ನುವುದೊಂದು ಕೊರತೆ. ಕೆಂಪನನ್ನು ಕರೆಯುತ್ತಿದ್ದ ಮಾತಿನಲ್ಲೇ ಅಳಬೇಕು ಅನ್ನಿಸಿದರೆ ನಿಮ್ಮ ಪಶುವೈದ್ಯರನ್ನು ಕೇಳಿ. ಈಚೆಗೆ ಹೀಗೆ ಕಳೆದುಕೊಂಡವರು ಊರಿನಲ್ಲಿದ್ದರೆ ನಿಮ್ಮ ನಂಬರ್ ಅವರಿಗೆ ತಲುಪಿಸಲಿ. ಇಬ್ಬರು ಸಿಕ್ಕರೂ ಸಾಕು, ಚಹಾ ಇಟ್ಟು ಮನೆಗೇ ಕರೆಯಿರಿ.

ವಾಟ್ಸಾಪ್ ಗುಂಪು ಸೇರುವುದಾದರೆ ಒಂದು ವಾರ ನೋಡಿ. ‘ನಿಮ್ಮದು ಬರೀ ನಾಯಿ, ನಮ್ಮ ಮನೆಯಲ್ಲಿ ಏನಾಯ್ತು ಗೊತ್ತಾ’ ಅಂತ ದುಃಖದಲ್ಲೂ ಪೈಪೋಟಿಗೆ ಇಳಿಯುವವರು, ಮಾರಾಟಕ್ಕಿರುವ ಮರಿಗಳ ಫೋಟೋ ಹಾಕುವವರು ಇದ್ದರೆ ಹೊರಗೆ ಬನ್ನಿ. ಗುಡ್ ಮಾರ್ನಿಂಗ್ ಗುಲಾಬಿಗಳನ್ನು ಹೇಗೋ ಸಹಿಸಿಕೊಳ್ಳಬಹುದು.

ನಿದ್ದೆ, ಊಟ ಪೂರ್ತಿ ಕೆಟ್ಟಿದ್ದರೆ ಅಥವಾ ಬದುಕೇ ಬೇಡ ಅನ್ನಿಸಿದರೆ ಗುಂಪಿಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ಗೆ, 14416ಕ್ಕೆ, ಫೋನ್ ಮಾಡಿ. ಉಚಿತ, ಹಗಲೂ ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ನಾಯಿ ಬೇಕಾ ಬೇಡವಾ ಅನ್ನುವುದನ್ನು ಈಗಲೇ ಯೋಚಿಸಬೇಡಿ. ನಿಮ್ಮನ್ನು ಕೇಳದೆ ಯಾರಾದರೂ ಮರಿ ಹಿಡಿದು ಬಾಗಿಲಿಗೆ ಬಂದರೆ ಮುಲಾಜಿಲ್ಲದೆ ವಾಪಸ್ ಕಳಿಸಿ.