ಓದುಗರ ಪ್ರಶ್ನೆ: ಮುಗಿಯದ ಯುದ್ಧದ ಲೆಕ್ಕ

ಪ್ರಶ್ನೆ: ಉಕ್ರೇನ್ ಮೇಲೆ ದಾಳಿ ಮಾಡಿದ ರಷ್ಯಾಕ್ಕೆ ಅಷ್ಟೆಲ್ಲ ದಿಗ್ಬಂಧನ ಹೇರಿದರೂ ಅಲ್ಲಿನ ಜಿಡಿಪಿ ಬೆಳೆಯಿತಂತೆ. ಹೇಗೆ?

ಉತ್ತರ: ಬೆಳೆದದ್ದು ನಿಜ, ಆದರೆ ಬೆಳೆದದ್ದೇನು ಎಂದು ನೋಡಬೇಕು. 2022ರಲ್ಲಿ ರಷ್ಯಾದ ಸುಮಾರು 300 ಶತಕೋಟಿ ಡಾಲರ್ ವಿದೇಶಿ ಮೀಸಲು ನಿಧಿಯನ್ನು ಪಾಶ್ಚಾತ್ಯ ದೇಶಗಳು ತಡೆಹಿಡಿದಾಗ, ರಷ್ಯಾದ ಕೇಂದ್ರ ಬ್ಯಾಂಕ್ ಬಡ್ಡಿದರವನ್ನು ಒಂದೇ ಏಟಿಗೆ ಶೇ 20ಕ್ಕೆ ಏರಿಸಿತು. ರಫ್ತುದಾರರು ಗಳಿಸಿದ ವಿದೇಶಿ ಹಣದಲ್ಲಿ ಶೇ 80ರಷ್ಟನ್ನು ಮಾರಲೇಬೇಕೆಂಬ ನಿಯಮವೂ ಬಂತು. ಆ ವರ್ಷ ತೈಲ ದುಬಾರಿಯಾದದ್ದು ಕೈಹಿಡಿಯಿತು. ಆಮೇಲೆ ಸರ್ಕಾರದ ದುಡ್ಡು ಶಸ್ತ್ರಾಸ್ತ್ರ ಕಾರ್ಖಾನೆಗಳತ್ತ ಹರಿಯಿತು. ಫಿರಂಗಿಯ ಶೆಲ್ ತಯಾರಾದರೆ ಜಿಡಿಪಿಗೆ ಸೇರುತ್ತದೆ. ಸಿಡಿದು ಹೋದರೆ ಅದರಿಂದ ಕಳೆಯುವುದಿಲ್ಲ! ಅದನ್ನು ಮಾಡಿದವನ ಸಂಬಳ ಮಾತ್ರ ಅಂಗಡಿಗೆ ಬರುತ್ತದೆ, ಅಲ್ಲಿ ಅದಕ್ಕೆ ತಕ್ಕ ಹೊಸ ಸರಕು ಇರುವುದಿಲ್ಲ. ಬೆಲೆ ಏರುತ್ತದೆ.

ದುಡಿಯುವ ಜನರೂ ಸಾಲದಾದರು. ಸೇನೆಯ ಕರಾರಿಗೆ ಸಹಿ ಹಾಕಿದವರಿಗೆ ಕೇಂದ್ರ ಸರ್ಕಾರ ಕೊಡುವ ಇಡಿಗಂಟು 2024ರಲ್ಲಿ 1,95,000ದಿಂದ 4,00,000 ರೂಬಲ್‌ಗೆ ಹೋಯಿತು. ಸಾಮಾನ್ಯ ಉದ್ದಿಮೆಗಳು ಅದಕ್ಕೆ ಪೈಪೋಟಿ ಕೊಡಲಾರವು. ಹಣದುಬ್ಬರ ತಡೆಯಲು ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಡ್ಡಿದರ ಶೇ 21ಕ್ಕೆ ಮುಟ್ಟಿತು. ಶಸ್ತ್ರಾಸ್ತ್ರ ಕಾರ್ಖಾನೆಗೆ ರಿಯಾಯಿತಿ ಸಾಲ ಸಿಗುವುದರಿಂದ ಏಟು ಬಿದ್ದದ್ದು ಮನೆ ಕಟ್ಟುವವರಿಗೆ, ಸಣ್ಣ ವ್ಯಾಪಾರಿಗಳಿಗೆ.

ಪ್ರಶ್ನೆ: ಕಾಳಗ ನಡೆದ ಹೊಲದಲ್ಲಿ ಜನ ಓಡಾಡಿದರೂ ಏನೂ ಆಗಿಲ್ಲವೆಂದರೆ ಉಳುಮೆ ಮಾಡಬಹುದಲ್ಲವೇ? ನೆಲಬಾಂಬ್ ತೆಗೆಯಲು ವರ್ಷಗಟ್ಟಲೆ ಯಾಕೆ?

ಉತ್ತರ: ಖಂಡಿತ ಕೂಡದು. ಟ್ಯಾಂಕ್ ಉಡಾಯಿಸಲು ಹೂತಿಟ್ಟ ಟಿಎಂ-62 ಎಂಬ ನೆಲಬಾಂಬ್ ಸಿಡಿಯಲು ಸಾಮಾನ್ಯವಾಗಿ 150 ಕೆ.ಜಿ.ಗೂ ಮೀರಿದ ಭಾರ ಬೇಕು. ಮನುಷ್ಯ ತುಳಿದಾಗ ಸುಮ್ಮನಿದ್ದದ್ದು ಟ್ರ್ಯಾಕ್ಟರ್ ಗಾಲಿಗೆ ಸಿಡಿಯುತ್ತದೆ. ಒಳಗಿರುವುದು ಏಳು ಕೆ.ಜಿ.ಗೂ ಹೆಚ್ಚು ಸ್ಫೋಟಕ.

ತೆರವು ಕೆಲಸ ಶುರುವಾಗುವುದು ಯಂತ್ರದಿಂದಲ್ಲ, ವಿಚಾರಣೆಯಿಂದ: ಕಂದಕ ಎಲ್ಲಿತ್ತು, ಯಾವ ದಾರಿಯಲ್ಲಿ ಸೇನೆ ಹೋಯಿತು, ದನ ಸತ್ತದ್ದೆಲ್ಲಿ? ಅನುಮಾನವಿರುವ ಜಾಗಕ್ಕೆ ಗುರುತು ಹಾಕಿ, ಸುಮಾರು ಒಂದು ಮೀಟರ್ ಅಗಲದ ಪಟ್ಟಿಗಳಾಗಿ ವಿಂಗಡಿಸಿ ಮೆಟಲ್ ಡಿಟೆಕ್ಟರ್ ಆಡಿಸುತ್ತಾರೆ. ತೊಂದರೆ ಇರುವುದು ಇಲ್ಲೇ. ಶೆಲ್ ಬಿದ್ದ ಹೊಲದ ತುಂಬ ಕಬ್ಬಿಣದ ಚೂರು. ಡಿಟೆಕ್ಟರ್ ಪ್ರತಿ ಚೂರಿಗೂ ಕೂಗುತ್ತದೆ. ಪ್ರತಿ ಕೂಗನ್ನೂ ಬಾಂಬ್ ಎಂದೇ ಭಾವಿಸಿ ಪಕ್ಕದಿಂದ ಮಣ್ಣು ಬಿಡಿಸಬೇಕು, ಮೇಲಿನಿಂದ ಒತ್ತುವಂತಿಲ್ಲ. ಸರಪಳಿ ಬೀಸಿ ನೆಲ ಬಡಿಯುವ ಯಂತ್ರ ಬೇಗ ಮುಗಿಸುತ್ತದೆ, ಆದರೆ ಕೆಲವನ್ನು ಸಿಡಿಸದೆ ಒಡೆದು ಬಿಡುತ್ತದೆ, ಹಾಗಾಗಿ ಹಿಂದೆಯೇ ಮನುಷ್ಯರೋ ನಾಯಿಗಳೋ ಹೋಗಲೇಬೇಕು. ಪಿಒಎಂ-3 ಎಂಬ ನೆಲಬಾಂಬ್ ಇನ್ನೂ ಕುತಂತ್ರಿ: ಹೆಜ್ಜೆಯ ಕಂಪನಕ್ಕೇ ಸಿಡಿಯುತ್ತದೆ, ಅದರ ಹತ್ತಿರ ನಡೆದು ಹೋಗುವಂತಿಲ್ಲ. 2023ರ ಜೂನ್ 6ರಂದು ಉಕ್ರೇನ್‌ನ ಕಖೋವ್ಕಾ ಅಣೆಕಟ್ಟು ಒಡೆದಾಗ ನೆರೆ ಬಾಂಬ್‌ಗಳನ್ನೇ ಕೊಚ್ಚಿಕೊಂಡು ಹೋಯಿತು. ಅಲ್ಲಿ ಹಳೆಯ ನಕ್ಷೆ ನಂಬಿದರೆ ಕೆಟ್ಟಂತೆ.

ಹೊಲ ವಾಪಸ್ ಪಡೆಯುವಾಗ ಎಷ್ಟು ಆಳದವರೆಗೆ ತೆರವಾಗಿದೆ ಎಂದು ಕೇಳಿಕೊಳ್ಳಬೇಕು. ನೇಗಿಲು ಅದಕ್ಕಿಂತ ಕೆಳಗಿಳಿಯಬಾರದು.

ಪ್ರಶ್ನೆ: ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಅವಧಿ 2024ರ ಮೇ ತಿಂಗಳಲ್ಲೇ ಮುಗಿಯಿತು. ಚುನಾವಣೆ ಯಾಕೆ ನಡೆಸಲಿಲ್ಲ?

ಉತ್ತರ: ಮಾರ್ಷಲ್ ಲಾ, ಅಂದರೆ ಯುದ್ಧಕಾಲದ ವಿಶೇಷ ಆಡಳಿತ, ಜಾರಿಯಲ್ಲಿದ್ದಾಗ ಚುನಾವಣೆ ಕೂಡದೆಂದು ಅಲ್ಲಿನ ಕಾನೂನೇ ಹೇಳುತ್ತದೆ. ಸಂಸತ್ತು ಅದನ್ನು ಕಂತುಕಂತಾಗಿ, ಹೆಚ್ಚಾಗಿ 90 ದಿನಕ್ಕೊಮ್ಮೆ ಮುಂದುವರಿಸುತ್ತ ಬಂತು. ಎರಡನೇ ಮಹಾಯುದ್ಧದಿಂದಾಗಿ ಬ್ರಿಟನ್ನಿನಲ್ಲೂ 1935ರ ನಂತರ ಸಾರ್ವತ್ರಿಕ ಚುನಾವಣೆ ನಡೆದದ್ದು 1945ರಲ್ಲೇ. ಉಕ್ರೇನ್‌ನ ಲಕ್ಷಾಂತರ ಮತದಾರರು ಹೊರದೇಶದಲ್ಲಿ, ಸೈನಿಕರು ಕಂದಕದಲ್ಲಿ. ಮತಗಟ್ಟೆಯ ಮುಂದಿನ ಸಾಲು ಡ್ರೋನ್‌ಗೆ ಸುಲಭದ ಗುರಿ. ಆದರೂ ಇದು ಪುಕ್ಕಟೆಯಲ್ಲ: 2024ರ ಏಪ್ರಿಲ್‌ನಲ್ಲಿ ಸೇನೆಗೆ ಕರೆಯುವ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿದಾಗ, ಒಪ್ಪದವರಿಗೆ ಅದನ್ನು ಮತಪೆಟ್ಟಿಗೆಯಲ್ಲಿ ಹೇಳುವ ದಾರಿ ಇರಲಿಲ್ಲ.